ಬೆನ್ನ ಕೆಳಗಿನ ಹನ್ನೆರಡು ಚಾಪೆ

ಮಾರ್ಚ್ 4, ಸೋಮವಾರ

ಈ ಪುಸ್ತಕ ಕೊಟ್ಟವಳು ನರ್ಸ್ ಲೂಪೆ. "ದಿನಾ ಒಂದು ಅಂಕೆ ಬರೀರಿ ದೊಡ್ಡಮ್ಮ, ಅಷ್ಟೇ ಸಾಕು," ಎಂದಳು. ದೊಡ್ಡದಾಗಿ ಉಸಿರು ಎಳೆದುಕೊಂಡು, ಒಂದೇ ಉಸಿರಿನಲ್ಲಿ ಒಂದು ಎರಡು ಮೂರು ಎಂದು ಬಾಯಿಬಿಟ್ಟು ಎಣಿಸಬೇಕು. ಉಸಿರು ಎಲ್ಲಿ ಮುಗಿಯಿತೋ ಅದೇ ಆ ದಿನದ ಅಂಕೆ. ಕೂತು ಎಣಿಸಿದಾಗ ಹನ್ನೊಂದು ಬಂತು. ಅಂಗಾತ ಮಲಗಿ ಎಣಿಸಿದಾಗ ಐದು. ಆರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಹಿಡಿದು ಎದ್ದು ಕೂತೆ. ಪಾಪ, ಹುಡುಗಿಯ ತೋಳೇ ಕಿತ್ತು ಬರುವುದರಲ್ಲಿತ್ತು.

ಬರೀ ಅಂಕೆಗೆ ಇಷ್ಟು ದಪ್ಪ ಪುಸ್ತಕ ಯಾಕೆ ದಂಡ ಮಾಡಲಿ? ಮನಸ್ಸಿಗೆ ಬಂದದ್ದನ್ನೂ ಬರೆಯುತ್ತೇನೆ. ಕಪ್ಪು ಮಾರ್ಕರಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ ಬರೆದರೂ ಒಲೆಯ ಹೊಗೆಯಲ್ಲಿ ನೋಡಿದ ಹಾಗೆ ಕಾಣುತ್ತದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣು ಇದ್ದೂ ಇಲ್ಲದ ಹಾಗೆ.

ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಹೊರದೇಶದ ಕಣ್ಣಿನ ಡಾಕ್ಟರುಗಳು ನಮ್ಮ ದ್ವೀಪದ ಪೇಟೆ ನೇಯಾಫುವಿಗೆ ಬಂದು ಒಂದು ವಾರ ಪೊರೆ ತೆಗೆಯುತ್ತಾರೆ. ಹೋದ ವರ್ಷ ನನ್ನ ಸರದಿಯೂ ಬಂದಿತ್ತು. ಮೇಜಿನ ಮೇಲೆ ಅಂಗಾತ ಮಲಗಿಸಿದರು, ಮುಖಕ್ಕೆ ಬಟ್ಟೆ ಹೊದಿಸಿದರು, ಇಪ್ಪತ್ತು ನಿಮಿಷ ಅಲ್ಲಾಡಬೇಡಿ ಎಂದರು. ನಾನಿದ್ದದ್ದು ಎರಡು ನಿಮಿಷ. ಉಸಿರು ಕಟ್ಟಿ, ಬಟ್ಟೆ ಕಿತ್ತೆಸೆದು ಎದ್ದು ಕೂತ ರಭಸಕ್ಕೆ ಡಾಕ್ಟರರ ತಟ್ಟೆ ನೆಲಕ್ಕೆ ಬಿತ್ತು. "ಮುಂದಿನ ವರ್ಷ ನೋಡೋಣ," ಎಂದು ಕಳಿಸಿಬಿಟ್ಟರು. ಮಿಕ್ಕವರೆಲ್ಲ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಗುನಗುತ್ತ ಮನೆಗೆ ಹೋದರು. ನಾನು ಎರಡು ಕಣ್ಣನ್ನೂ ಬಿಟ್ಟುಕೊಂಡು ಕುರುಡಿಯಾಗಿಯೇ ಬಂದೆ. ಈ ಸಲವೂ ಮಲಗಲಾಗದಿದ್ದರೆ ಇನ್ನೊಂದು ವರ್ಷಕ್ಕೆ ಎಡಗಣ್ಣೂ ಮುಚ್ಚುತ್ತದೆ ಎಂದಿದ್ದಾಳೆ ಲೂಪೆ.

ಏಳು ವರ್ಷದಿಂದ ನಾನು ಮಲಗಿ ನಿದ್ದೆ ಮಾಡಿದವಳಲ್ಲ. ಗೋಡೆಗೆ ಹನ್ನೆರಡು ಚಾಪೆ ಮಡಚಿ ಒಟ್ಟಿದ್ದೇನೆ, ಅದಕ್ಕೆ ಒರಗಿ ಕೂತೇ ನಿದ್ದೆ. ಅಂಗಾತ ಮಲಗುವುದು ಹೆಣಕ್ಕೆ ಸರಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಹನ್ನೆರಡೂ ಒಂದಕ್ಕಿಂತ ಒಂದು ನಯವಾದ ಕೇದಗೆಯ ಚಾಪೆಗಳು. ತಮ್ಮನ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಮೊದಲ ಚಾಪೆ ಅಕ್ಕನಾದ ನನಗೆ. ಬಂದದ್ದನ್ನು ಇನ್ನೊಬ್ಬರ ಮನೆಯ ಕಾರ್ಯಕ್ಕೆ ಕೊಡಬೇಕು, ಚಾಪೆ ಊರೆಲ್ಲ ಓಡಾಡುತ್ತಿರಬೇಕು. ನನ್ನ ಹತ್ತಿರ ಬಂದವು ಮಾತ್ರ ನಿಂತುಬಿಟ್ಟವು. ಜನ ಆಡಿಕೊಳ್ಳಲಿ, ಬೆನ್ನು ನನ್ನದು.

ಎರಡು ವಾರಕ್ಕೊಂದು ಚಾಪೆ ತೆಗೆಯಬೇಕಂತೆ. ಆಗಸ್ಟ್ ಹೊತ್ತಿಗೆ ಒಂದು ಉಳಿದಿರಬೇಕಂತೆ. ಹೇಳುವವರಿಗೇನು, ಬೆನ್ನಿಲ್ಲ.

ಕೂತು 11. ಮಲಗಿ 5.

ಮಾರ್ಚ್ 8, ಶುಕ್ರವಾರ

ಆಸ್ಪತ್ರೆಯ ತಕ್ಕಡಿ ನೂರೈವತ್ತು ಕಿಲೋಗೆ ಮುಗಿಯುತ್ತದೆ. ನಾನು ಹತ್ತಿದ ಕೂಡಲೇ ಅದರ ಮುಳ್ಳು ಕೊನೆಗೆ ಹೋಗಿ ಅಲ್ಲೇ ಕೂತಿತು. ಆಮೇಲೆ ಬಂದರಿಗೆ ಹೋದೆವು. ಅಲ್ಲಿ ಗೆಡ್ಡೆಯ ಮೂಟೆ ತೂಗುವ ದೊಡ್ಡ ತಕ್ಕಡಿ ಇದೆ. ತೂಗುವವನು ನನ್ನ ತಮ್ಮ ಮಾನಾಸೆ.

ಅಕ್ಕನ ಮೈಯ ಮಾತು ತಮ್ಮನಾದವನು ಆಡುವಂತಿಲ್ಲ. ಅವನು ಸಮುದ್ರದ ಕಡೆ ಮುಖ ಮಾಡಿ ನಿಂತ. ಮುಳ್ಳು ನೋಡಲೇಬೇಕಾದಾಗ ಓರೆಗಣ್ಣಿನಲ್ಲಿ ನೋಡಿ, ಚೀಟಿಯಲ್ಲಿ ಬರೆದು, ಮಡಚಿ, ಹೆಂಡತಿ ಆಪಿಕೈಲಿಯ ಕೈಗೆ ಕೊಟ್ಟ. ಅವಳು ಲೂಪೆಗೆ ಕೊಟ್ಟಳು. ಲೂಪೆ ನನ್ನ ಕಿವಿಯಲ್ಲಿ ಹೇಳಿದಳು: ನೂರ ಅರವತ್ತೊಂದು. ಅಷ್ಟರಲ್ಲಿ ಮೂಟೆ ಹೊರುವವರಿಗೆಲ್ಲ ಗೊತ್ತಾಗಿತ್ತು. ಮೀನಿಗೆ ಬಂದಿದ್ದ ಮುದುಕಿ ಫೀಫೀತಾ ಸುಮ್ಮನಿರುತ್ತಾಳೆಯೇ?

"ಏ ಸಿನಿವಾ, ನಿನ್ನನ್ನ ಯಾವ ಹಡಗಿಗೆ ಹತ್ತಿಸ್ತಾರಂತೆ?"

"ನಿನ್ನ ಬಾಯಿ ಯಾವುದರಲ್ಲಿ ಹೋಗುತ್ತೋ ಅದರಲ್ಲಿ ಬೇಡ ಅಂದಿದ್ದೀನಿ. ಭಾರಕ್ಕೆ ಮುಳುಗುತ್ತೆ."

ವಾಪಸು ಬರುವಾಗ ಲೂಪೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. "ನಿಮ್ಮ ಶ್ವಾಸಕೋಶಕ್ಕೆ ರೋಗ ಇಲ್ಲ ದೊಡ್ಡಮ್ಮ. ಜಾಗ ಇಲ್ಲ." ಎದೆಯ ಮೇಲಿನ ಭಾರ ಪಕ್ಕೆಲುಬುಗಳನ್ನು ಏಳಗೊಡುವುದಿಲ್ಲವಂತೆ. ಕೂತಾಗ ಹೊಟ್ಟೆ ತೊಡೆಯ ಮೇಲೆ ಇಳಿದಿರುತ್ತದೆ, ಮಲಗಿದ ಕೂಡಲೇ ಎದೆಯ ಕಡೆಗೆ ಸರಿದು ಒತ್ತುತ್ತದೆ. ಆಗ ಶ್ವಾಸಕೋಶದ ಕೆಳಭಾಗವೆಲ್ಲ ಮುಚ್ಚಿಕೊಂಡು ಮೇಲಿನ ಚೂರಿನಲ್ಲೇ ಉಸಿರಾಡಬೇಕು. ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ಪೂರ್ತಿ ಹೋಗದೆ ಒಳಗೇ ಉಳಿಯುತ್ತದೆ. ಬೆಳಗಿನ ತಲೆನೋವು, ಇಗರ್ಜಿಯಲ್ಲಿ ತೂಕಡಿಕೆ ಎಲ್ಲ ಅದರಿಂದಲೇ ಅಂತೆ. ಇಷ್ಟು ದಿನ ತೂಕಡಿಕೆಗೆ ಪಾದ್ರಿಗಳ ಉಪದೇಶ ಕಾರಣ ಎಂದುಕೊಂಡಿದ್ದೆ. ದೇವರು ಕ್ಷಮಿಸಲಿ.

ದಿನಾ ನಡೆಯಬೇಕು, ತಟ್ಟೆ ಅರ್ಧ ಮಾಡಬೇಕು, ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಉಸಿರು ಬಿಡಬೇಕು. ಡಬ್ಬಿಮಾಂಸ ಬೇಡ, ಕುರಿಯ ಕೊಬ್ಬು ಬೇಡ. ಹಾಗಾದರೆ ಭಾನುವಾರ ಬರುವುದಾದರೂ ಯಾಕೆ?

ಕೂತು 11. ಮಲಗಿ 5.

ಮಾರ್ಚ್ 18, ಸೋಮವಾರ

ಮೊದಲ ಚಾಪೆ ಹೋಯಿತು. ಪಕ್ಕದ ಮನೆಯ ಮುದುಕ ತೀರಿಕೊಂಡ. ಬರಿಗೈಯಲ್ಲಿ ಹೋಗಲಾಗದು. ಹೇಗೂ ತೆಗೆಯಲೇಬೇಕಲ್ಲ ಎಂದು ಮೇಲಿನದೇ ಒಂದನ್ನು ಎಳೆದು ಕೊಟ್ಟೆ. ಆ ಮನೆಯ ಹೆಂಗಸರು ಚಾಪೆಯನ್ನು ಮುಟ್ಟಿ ಮುಟ್ಟಿ ನೋಡಿದರು. ನನ್ನ ಮನೆಯಿಂದ ಚಾಪೆ ಹೊರಬಿದ್ದದ್ದು ಅವರಿಗೆ ಸಾವಿಗಿಂತ ದೊಡ್ಡ ಸುದ್ದಿಯಾಯಿತೇನೋ.

ಬೆನ್ನು ಒಂದು ಬೆರಳು ಕೆಳಗಿಳಿದಿದೆ. ಬೇರೇನೂ ಆಗಿಲ್ಲ. ಬದುಕಿದ್ದೇನೆ, ಸ್ತೋತ್ರ.

ಮಲಗಿ 6.

ಮಾರ್ಚ್ 28, ಗುರುವಾರ

ಗುರುವಾರ ತೊಗಟೆಬಟ್ಟೆಯ ದಿನ. ಹೆಂಗಸರೆಲ್ಲ ಕೊಟ್ಟಿಗೆಯಲ್ಲಿ ಸೇರಿ ಮರದ ಒಳತೊಗಟೆಯನ್ನು ದಿಮ್ಮಿಯ ಮೇಲಿಟ್ಟು ಕೊಡತಿಯಲ್ಲಿ ಬಡಿದು ಅಗಲ ಮಾಡುತ್ತಾರೆ, ಅಂಟು ಹಚ್ಚಿ ಜೋಡಿಸುತ್ತಾರೆ. ಅದರ ಮೇಲೆ ಎಲೆ, ನಕ್ಷತ್ರ, ಪಾರಿವಾಳಗಳ ಗೆರೆ ಎಳೆಯುವವಳು ನಾನು. ಮೂವತ್ತು ವರ್ಷದಿಂದ ಈ ಊರಿನ ಗೆರೆ ನನ್ನ ಕೈಯದು. ಈಗ ಆಗುತ್ತಿರುವುದು ತಮ್ಮನ ಮಗಳು ಲೊಸೆಯ ಮದುವೆಯ ಬಟ್ಟೆ. ಸೆಪ್ಟೆಂಬರಿನಲ್ಲಿ ಮದುವೆ. ಮದುಮಕ್ಕಳು ಅದರ ಮೇಲೆ ನಡೆದು ಬರುತ್ತಾರೆ, ಊರೆಲ್ಲ ನೋಡುತ್ತದೆ.

"ಸಿನಿವಾ, ಗೆರೆ ಕಾಣ್ತಿದೆಯೇನೇ?" ಎಂದಳು ಫೀಫೀತಾ.

"ಕಣ್ಣಿಗೆ ಕಾಣದಿದ್ರೂ ಕೈಗೆ ಗೊತ್ತು. ನಿನ್ನ ಬಾಯಿಗೆ ಬೈಗುಳ ಗೊತ್ತಿರೋ ಹಾಗೆ."

ಎಲ್ಲರೂ ನಕ್ಕರು. ಆಪಿಕೈಲಿ ನಗಲಿಲ್ಲ. ಅವಳಿಗೆ ಗೆರೆಯ ಕೆಲಸ ನಾನು ಕೊಡುವುದಿಲ್ಲ. ಎಲೆ ಬರೆದರೆ ಪ್ರತಿಯೊಂದರ ತುದಿಗೂ ಮೇಲಕ್ಕೊಂದು ಕೊಕ್ಕೆ ಹಾಕುತ್ತಾಳೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ, ಎಲೆ ಎಲೆಯ ಹಾಗಿರಲಿ, ಮೀನಿನ ಗಾಳದ ಹಾಗಲ್ಲ ಎಂದು. ಅದಕ್ಕೇ ಅವಳ ಪಾಲಿಗೆ ಬಣ್ಣ ಕುದಿಸುವುದು ಮತ್ತು ತೊಳೆಯುವುದು.

ಆ ತೊಳೆಯುವುದರ ಬಗ್ಗೆಯೇ ನನಗೆ ಅನುಮಾನ. ಎಲ್ಲರೂ ಎದ್ದ ಮೇಲೆ, "ನೀವು ಹೊರಡಿ ಅತ್ತಿಗೆ, ನಾನು ಕುಂಚ ತೊಳೆದು ಬರ್ತೀನಿ," ಎನ್ನುತ್ತಾಳೆ. ಇರುವುದು ಆರು ಕುಂಚ, ಅದೂ ಒಣಗಿದ ಕೇದಗೆ ಹಣ್ಣಿನ ತೊಳೆ. ಅದಕ್ಕೆ ಎರಡು ಗಂಟೆ ಬೇಕೇ? ಮಿಕ್ಕ ಗೆಡ್ಡೆ, ತೆಂಗಿನಹಾಲು ಖಾಲಿ ಮಾಡುತ್ತಾಳೆ, ಇನ್ನೇನು. ತಿನ್ನಲಿ. ನನಗಂತೂ ಈಗ ನಿಷೇಧ.

ಕೂತು 12. ಮಲಗಿ 6.

ಏಪ್ರಿಲ್ 16, ಮಂಗಳವಾರ

ಮನೆಯಿಂದ ಇಗರ್ಜಿಯ ದೀವಿಹಲಸಿನ ಮರದವರೆಗೆ ನಡೆದೆ. ಮೂರು ಕಡೆ ನಿಂತೆ. ಮೊದಲು ಆರು ಕಡೆ ನಿಲ್ಲುತ್ತಿದ್ದೆ. ಲೊಸೆ ಪಕ್ಕದಲ್ಲಿ ಕುರ್ಚಿ ಹೊತ್ತುಕೊಂಡು ಬರುತ್ತಾಳೆ, ನಿಂತಲ್ಲಿ ಕೂರಲಿ ಎಂದು. "ಅತ್ತೆ, ಮದುವೆಗೆ ನೀವು ನಡೆದೇ ಬರಬೇಕು, ಗಾಡಿ ಕಳಿಸಲ್ಲ," ಎನ್ನುತ್ತಾಳೆ. ಕುರ್ಚಿ ಹೊರುವ ಮದುಮಗಳನ್ನು ಯಾವ ಊರಿನಲ್ಲೂ ನೋಡಿಲ್ಲ. ಒಳ್ಳೆಯ ಹುಡುಗಿ.

ಮೂರನೆಯ ಚಾಪೆಯೂ ಹೋಯಿತು. ಲೂಪೆಯ ತಂಗಿಯ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕೊಟ್ಟೆ.

ಮಲಗಿ 7.

ಮೇ 5, ಭಾನುವಾರ

ಮಕ್ಕಳ ಭಾನುವಾರ. ಬಿಳಿ ಬಟ್ಟೆ ತೊಟ್ಟ ಮಕ್ಕಳು ಒಬ್ಬೊಬ್ಬರಾಗಿ ನಿಂತು ವಾಕ್ಯ ಒಪ್ಪಿಸಿದರು. ನನಗೆ ಬರೀ ಬಿಳಿ ಬಿಳಿ ಮಸುಕು ಕಂಡಿತು. ಯಾರ ಮಗು ಯಾವುದೆಂದು ದನಿಯಿಂದ ತಿಳಿದುಕೊಂಡೆ. ಪಕ್ಕದಲ್ಲಿ ಆಪಿಕೈಲಿ, "ಈಗ ನಗ್ತಿದೆ ಅತ್ತಿಗೆ, ಮುಂದಿನ ಹಲ್ಲು ಎರಡೂ ಇಲ್ಲ," ಎಂದು ಪಿಸುಗುಟ್ಟುತ್ತ ಹೇಳುತ್ತಿದ್ದಳು. ಒಂದು ಸಲವೂ ತೂಕಡಿಸಲಿಲ್ಲ. ಉಪದೇಶ ಅಷ್ಟೇನೂ ಕೆಟ್ಟದಾಗಿಲ್ಲ.

ಊಟ ತಮ್ಮನ ಮನೆಯಲ್ಲಿ. ನೆಲದೊಲೆಯಿಂದ ತೆಗೆದ ಹಂದಿಮರಿ, ಕೆಸುವಿನ ಎಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸ, ತೆಂಗಿನಹಾಲು. ಪದ್ಧತಿಯಂತೆ ಮೊದಲ ತಟ್ಟೆ ನನಗೇ ಬಂತು. ಅರ್ಧ ತಿಂದೆ, ಇನ್ನರ್ಧ ಸರಿಸಿದೆ. ಎಷ್ಟು ಕಷ್ಟವಾಯಿತೆಂದು ದೇವರಿಗೇ ಗೊತ್ತು. ಅಷ್ಟರಲ್ಲಿ ಇಡೀ ಮನೆ ಯಾಕೋ ಸುಮ್ಮನಾಯಿತು. ಯಾಕೆಂದು ತಿಳಿಯಲಿಲ್ಲ.

ಮೇ 7, ಮಂಗಳವಾರ

ಯಾಕೆಂದು ಇವತ್ತು ತಿಳಿಯಿತು. ಬೆಳಿಗ್ಗೆ ಮಾನಾಸೆ ಅಂಗಳದಲ್ಲಿ ಬಂದು ಕೂತಿದ್ದಾನೆ. ಅಕ್ಕ ಮಲಗುವ ಮನೆಯೊಳಕ್ಕೆ ಅವನು ಬರುವಂತಿಲ್ಲ. ತಲೆ ತಗ್ಗಿಸಿದ್ದಾನೆ, ಕ್ಷಮೆ ಬೇಡುವವರು ಸುತ್ತಿಕೊಳ್ಳುವ ಹಾಗೆ ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡಿದ್ದಾನೆ, ಮುಂದೆ ಸುಟ್ಟ ಹಂದಿಮರಿ.

"ಅಕ್ಕ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

"ಏನು ತಪ್ಪೋ?"

"ನೀವು ತಟ್ಟೆ ಅರ್ಧಕ್ಕೆ ಬಿಟ್ಟು ಎದ್ರಿ. ಊರೆಲ್ಲ ಕೇಳ್ತಿದೆ. ಲೊಸೆ ಮದುವೆ ನಿಮಗೆ ಇಷ್ಟ ಇಲ್ವೇನೋ ಅಂತ ಗಂಡಿನ ಕಡೆಯವರೂ ಹೆದರಿಕೊಂಡಿದ್ದಾರೆ."

ಅಯ್ಯೋ ದೇವರೇ. ಹೌದು, ಅಕ್ಕ ತಟ್ಟೆ ಸರಿಸಿದರೆ ಮನೆಗೆ ಮುನಿದಳು ಎಂದೇ ಅರ್ಥ. ಊಟ ಕಡಿಮೆ ಮಾಡುವುದಕ್ಕೆ ನಮ್ಮ ಊರಿನಲ್ಲಿ ಇನ್ನೊಂದು ಅರ್ಥವೇ ಇಲ್ಲ. ಆದರೆ ಕಾರಣ ಹೇಳುವುದು ಹೇಗೆ? ನನ್ನ ಮೈಯ ಮಾತು ಅವನ ಮುಂದೆ ಆಡುವಂತಿಲ್ಲ. ಆಪಿಕೈಲಿಯನ್ನು ಕರೆದೆ. ನಾನು ಅವಳಿಗೆ ಹೇಳಿದೆ, ಅವಳು ಅವನಿಗೆ ಹೇಳಿದಳು, ಅವನು ನನ್ನ ಕಡೆ ನೋಡದೆ ಅಂಗಳದ ಮರಕ್ಕೆ ತಲೆಯಾಡಿಸಿದ.

"ನಮ್ಮ ಅಕ್ಕಂಗೆ ಹೇಳು," ಎಂದ ಹೆಂಡತಿಗೆ, ನಾನು ಮೂರು ಮಾರು ದೂರದಲ್ಲಿ ಕೂತಿದ್ದರೂ. "ತಟ್ಟೆ ಎಷ್ಟು ಬಿಟ್ರೂ ಪರವಾಗಿಲ್ಲ. ಅವರಿಗೆ ನಮ್ಮ ಮುಖ ಕಾಣೋ ಹಾಗಾಗ್ಲಿ, ಅಷ್ಟೇ."

ಹೇಳಿ ಎದ್ದು ಹೋದ. ಹಂದಿಮರಿ ಬಿಟ್ಟು ಹೋದ. ಒಂದು ಕಿವಿ ಮಾತ್ರ ತಿಂದೆ. ಉಳಿದದ್ದನ್ನು ಗಂಡಿನ ಮನೆಗೆ ಕಳಿಸಿದೆ, ಜೊತೆಗೆ ಒಂದು ಚಾಪೆ, ನಾನು ಮುನಿದಿಲ್ಲ ಎಂದು ತಿಳಿಯಲಿ. ಆರು ಉಳಿದಿವೆ. ಲೂಪೆಯ ಲೆಕ್ಕಕ್ಕಿಂತ ಎರಡು ಮುಂದೆ ಓಡುತ್ತಿದ್ದೇನೆ. ಯಾಕೆ ಹೀಗೆ ಕೊಡುತ್ತಿದ್ದೇನೋ.

ಕೂತು 15. ಮಲಗಿ 9.

ಮೇ 30, ಗುರುವಾರ

ತಲೆನೋವಿಲ್ಲದೆ ಎದ್ದೆ. ಇದನ್ನು ಬರೆಯಲೆಂದೇ ಪುಸ್ತಕ ತೆರೆದೆ.

ಜೂನ್ 19, ಬುಧವಾರ

ಇಪ್ಪತ್ತು ದಿನದಿಂದ ಬರೆದಿಲ್ಲ. ಶೀತವಾಗಿ, ಕಫ ಎದೆಗಿಳಿದಿತ್ತು. ಮೈ ಹಗುರವಿದ್ದವರಿಗೆ ಮೂಗು ಸುರಿಯುತ್ತದೆ, ಹೋಗುತ್ತದೆ. ನನಗೆ ಮೊದಲೇ ಜಾಗವಿಲ್ಲದ ಎದೆ, ಅದರಲ್ಲಿ ಕಫ ಬೇರೆ. ಲೂಪೆ ದಿನಕ್ಕೆರಡು ಸಲ ಬಂದು ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದಳು, ಮಾತ್ರೆ ಕೊಟ್ಟಳು, ಹಿಂದಕ್ಕೆ ಎತ್ತರವಾಗಿ ಒರಗಿಕೊಂಡೇ ಇರಿ ಎಂದಳು.

ಯಾವುದಕ್ಕೆ ಒರಗಲಿ? ಚಾಪೆಗಳೆಲ್ಲ ಊರಿನವರ ಮನೆಯಲ್ಲಿ. ಐದೇ ಉಳಿದಿದ್ದವು. ಬೇರೆ ಮನೆಗಳಿಂದ ತರಿಸೋಣ ಎಂದಳು ಲೊಸೆ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದುಂಟೇ? ಸತ್ತರೂ ಬೇಡ ಎಂದೆ. ನಿಜಕ್ಕೂ ಸಾಯುತ್ತೇನೆಂದು ಹೆದರಿದ್ದೆ, ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ.

ಆಪಿಕೈಲಿ ಬಂದು ನನ್ನ ಹಿಂದೆ ಕೂತು, ತನ್ನ ಬೆನ್ನಿಗೆ ನನ್ನ ಬೆನ್ನು ಕೊಡಿಸಿಕೊಂಡಳು. ಅವಳೂ ಕಡ್ಡಿಯಲ್ಲ, ಒಳ್ಳೆಯ ಗೋಡೆ. ನಾಲ್ಕು ದಿನ ಹಗಲೂ ಇರುಳೂ ಹಾಗೆಯೇ ಇದ್ದಳು. ಊಟಕ್ಕೆ ಎದ್ದಾಗ ಮಾತ್ರ ಲೊಸೆ ಬಂದು ಕೂರುತ್ತಿದ್ದಳು. ನಾನು ಉಸಿರು ಎಳೆದಾಗ ಅವಳೂ ಎಳೆಯುವುದು, ನಿಧಾನವಾಗಿ ಬಿಡುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಅದನ್ನೇ ಹಿಡಿದು ನಾನೂ ಬಿಡುತ್ತಿದ್ದೆ.

"ನಿನ್ನ ಬೆನ್ನು ಮುರೀತಲ್ಲೇ," ಎಂದೆ ಇವತ್ತು.

"ಏನಾಗಲ್ಲ ಅತ್ತಿಗೆ. ನಮ್ಮಮ್ಮ ತೀರಿಕೊಂಡಾಗ ನೀವು ನನ್ನ ಹೀಗೇ ಕೂರಿಸಿಕೊಂಡಿದ್ರಿ."

ನನಗೆ ನೆನಪೇ ಇಲ್ಲ. ಇರಬಹುದು.

ಅವಳು ಕುಂಚ ತೊಳೆಯುವ ನೆವದಲ್ಲಿ ಗೆಡ್ಡೆ ತಿನ್ನುತ್ತಾಳೆ ಎಂದು ಬರೆದಿದ್ದೆ. ತಿಂದರೆ ತಿನ್ನಲಿ. ಹೊಟ್ಟೆ ತುಂಬ ತಿನ್ನಲಿ.

ಮಲಗಿ 6. ಇಳಿದಿದೆ. ಪರವಾಗಿಲ್ಲ.

ಜುಲೈ 13, ಶನಿವಾರ

ತಿಮಿಂಗಿಲಗಳು ಬಂದಿವೆ. ಬಂದರಿನಲ್ಲಿ ತೂಗಿಸಿಕೊಂಡೆ. ಮಾನಾಸೆ ಸಮುದ್ರ ನೋಡುತ್ತ ಚೀಟಿ ಬರೆದ, ಆದರೆ ಈ ಸಲ ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ನೂರ ನಲವತ್ತೇಳು. ಇನ್ನು ಆಸ್ಪತ್ರೆಯ ತಕ್ಕಡಿಯೇ ಸಾಕು ಎಂದಳು ಲೂಪೆ, ದೊಡ್ಡ ಪದವಿ ಕೊಟ್ಟಂತೆ.

ದೂರದಲ್ಲಿ ತಿಮಿಂಗಿಲವೊಂದು ಉಸಿರು ಬಿಟ್ಟ ಸದ್ದು ಕೇಳಿತು. ಫೀಫೀತಾ ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ, "ಕೇಳಿಸ್ಕೊಂಡ್ಯಾ, ನಮ್ಮ ಚಿಕ್ಕಮ್ಮ ಬಂದಿದ್ದಾಳೆ. ಅವಳು ಮಲಗಿಕೊಂಡೇ ಉಸಿರಾಡ್ತಾಳೆ. ನಾನೂ ಕಲೀತಿದ್ದೀನಿ."

ಮುದುಕಿ ನಕ್ಕೂ ನಕ್ಕೂ ಕೆಮ್ಮಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಮನೆಯವರೆಗೂ ಬಂದಳು. ಎಂಬತ್ತರ ಮುದುಕಿ ನನಗಿಂತ ಮುಂದೆ ನಡೆಯುತ್ತಾಳೆ, ನಾಚಿಕೆಗೇಡು. ದಾರಿಯಲ್ಲಿ ಒಂದು ಕಡೆ ಮಾತ್ರ ನಿಂತೆ, ಅದೂ ಅವಳಿಗಾಗಿ.

ಕೂತು 19. ಮಲಗಿ 13. ಚಾಪೆ ಮೂರು.

ಆಗಸ್ಟ್ 1, ಗುರುವಾರ

ಡಾಕ್ಟರುಗಳು ಬರಲು ಎರಡೂವರೆ ವಾರವಿದೆ. ಇವತ್ತು ಬಡಿಯುವ ಕೆಲಸ ಬೇಗ ನಿಲ್ಲಿಸಿ, ಕೊಟ್ಟಿಗೆಯಲ್ಲಿ ನನ್ನ ಪರೀಕ್ಷೆ ಮಾಡಿದರು. ಒಂದೇ ಚಾಪೆ ಹಾಸಿ ಅಂಗಾತ ಮಲಗಿಸಿದರು. ಅದು ಅಮ್ಮನ ಚಾಪೆ, ಅಂಚಿಗೆ ಕೆಂಪು ಗರಿ ಇರುವುದು. ಅದೊಂದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ತಲೆಗೆ ತೆಳ್ಳನೆಯ ದಿಂಬು, ಮುಖದ ಮೇಲೆ ಬಟ್ಟೆ. ಗಡಿಯಾರ ಬೇಡ, ಐದು ಕೀರ್ತನೆ ಹಾಡಿದರೆ ಇಪ್ಪತ್ತು ನಿಮಿಷ ಎಂದಳು ಫೀಫೀತಾ. ಹೆಂಗಸರೆಲ್ಲ ನನ್ನ ಸುತ್ತ ಕೂತು ಹಾಡಿದರು. ಹೆಣದ ಸುತ್ತ ಕೂತ ಹಾಗೆಯೇ ಇತ್ತು, ಹೆಣಕ್ಕೆ ಎಲ್ಲವೂ ಕೇಳಿಸುತ್ತಿತ್ತು ಅಷ್ಟೇ ವ್ಯತ್ಯಾಸ.

ಮೊದಲ ಮೂರು ಸುಮ್ಮನೆ ಮುಗಿದವು. ನಾಲ್ಕನೆಯದರ ನಡುವೆ ಉಸಿರು ಸಿಕ್ಕಿಕೊಂಡಿತು. ಹೋದ ವರ್ಷದ ಆ ಮೇಜು, ಆ ಬಟ್ಟೆ, ಎಲ್ಲ ಒಮ್ಮೆಗೇ ಬಂತು. ಬಟ್ಟೆ ಕೀಳಲು ಕೈ ಎತ್ತಿದೆ. ಆಗ ಯಾರೋ ನನ್ನ ಪಾದದ ಮೇಲೆ ಬೆರಳಲ್ಲಿ ತಟ್ಟತೊಡಗಿದರು. ತೊಗಟೆ ಬಡಿಯುವ ತಾಳ, ಟಕ್ ಟಕ್, ಬಿಡುವು, ಟಕ್ ಟಕ್. ನಲವತ್ತು ವರ್ಷ ಆ ತಾಳಕ್ಕೆ ಉಸಿರಾಡಿದ್ದೇನೆ. ಎದೆ ತಾನಾಗಿ ಹಿಡಿದುಕೊಂಡಿತು. ಕೈ ಇಳಿಸಿದೆ. ಐದನೆಯ ಕೀರ್ತನೆಯೂ ಮುಗಿಯಿತು. ಆರನೆಯದನ್ನು ಫೀಫೀತಾ ಸುಮ್ಮನೆ ಹಟಕ್ಕೆ ಹಾಡಿದಳು.

ಬಟ್ಟೆ ತೆಗೆದಾಗ ಪಾದದ ಹತ್ತಿರ ಕೂತಿದ್ದವಳು ಆಪಿಕೈಲಿ. ಲೂಪೆಗೆ ಹೇಳಿದ್ದೇನೆ, ಆಸ್ಪತ್ರೆಯಲ್ಲೂ ಅವಳು ಅಲ್ಲೇ ಇರಬೇಕು, ಇಲ್ಲದಿದ್ದರೆ ನಾನು ಮಲಗುವುದಿಲ್ಲ.

ಎಲ್ಲರೂ ಹೊರಟ ಮೇಲೆ ಅವಳು ಎಂದಿನಂತೆ ಕುಂಚ ತೊಳೆಯಲು ಉಳಿದಳು.

ಕೂತು 20. ಮಲಗಿ 15.

ಆಗಸ್ಟ್ 20, ಮಂಗಳವಾರ

ಬಲಗಣ್ಣು ಆಯಿತು. ಪಟ್ಟಿ ಕಟ್ಟಿದ್ದಾರೆ. ಇಪ್ಪತ್ತಮೂರು ನಿಮಿಷ. ಅಲ್ಲಾಡಲಿಲ್ಲ. ಹಸಿರು ಗೌನು, ಹಸಿರು ಟೋಪಿ ಹಾಕಿಕೊಂಡು ಆಪಿಕೈಲಿ ಪಾದ ತಟ್ಟುತ್ತಲೇ ಇದ್ದಳು. ಡಾಕ್ಟರು ನನ್ನ ಗುರುತು ಹಿಡಿದು ತಟ್ಟೆಯನ್ನು ಮೊದಲೇ ದೂರ ಇಟ್ಟಿದ್ದರಂತೆ. ಸ್ತೋತ್ರ, ಸ್ತೋತ್ರ, ಸ್ತೋತ್ರ.

ಆಗಸ್ಟ್ 21, ಬುಧವಾರ

ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಲೂಪೆಯ ಮೂಗು. ಮೂಗಿನ ಮೇಲೊಂದು ಮಚ್ಚೆ. ಆರು ತಿಂಗಳಿನಿಂದ ಇವಳ ಕೈಯಲ್ಲಿದ್ದೇನೆ, ಮಚ್ಚೆ ಇರುವುದೇ ಗೊತ್ತಿರಲಿಲ್ಲ. ಲೊಸೆ ಎಷ್ಟು ಚೆಂದ ಇದ್ದಾಳೆ. ಮಾನಾಸೆಯ ತಲೆ ಬೆಳ್ಳಗಾಗಿದೆ, ಯಾರೂ ನನಗೆ ಹೇಳಿಯೇ ಇಲ್ಲ. ಅವನು ಬಾಗಿಲ ಹೊರಗೆ ನಿಂತಿದ್ದ. ನಾನು ನೋಡಿದೆ, ಅವನು ಈ ಸಲ ಮುಖ ತಿರುಗಿಸಲಿಲ್ಲ.

ಆಪಿಕೈಲಿಯ ಕಣ್ಣ ಕೆಳಗೆ ಕಪ್ಪಾಗಿದೆ. ದಣಿದಿದ್ದಾಳೆ. ಯಾಕೋ ಇಷ್ಟು ದಣಿವು?

ಆಗಸ್ಟ್ 26, ಸೋಮವಾರ

ಮಾರ್ಕರು ಬಿಟ್ಟು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಈ ಪುಸ್ತಕದ ಹಿಂದಿನ ಹಾಳೆಗಳನ್ನು ಓದಿದೆ. ಸಾಲಿನ ಮೇಲೆ ಸಾಲು ಹತ್ತಿದೆ, ಕೆಲವು ಕಡೆ ಹಾಳೆಯ ಅಂಚು ದಾಟಿ ಅಕ್ಷರ ಹೊರಗೆ ಹೋಗಿದೆ. ನೇರವಾಗಿ ಬರೆಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಅಕ್ಷರವೇ ಹೀಗಾದರೆ ಗೆರೆ?

ಯಾರೂ ಇಲ್ಲದ ಹೊತ್ತಿನಲ್ಲಿ ಕೊಟ್ಟಿಗೆಗೆ ನಡೆದೆ. ಎಲ್ಲೂ ನಿಲ್ಲಲಿಲ್ಲ. ಲೊಸೆಯ ಬಟ್ಟೆ ಬಿಚ್ಚಿ ಹಾಸಿದೆ. ಬಹಳ ಚೆನ್ನಾಗಿತ್ತು. ನಾನು ಜೀವನದಲ್ಲಿ ಮಾಡಿದ ಎಲ್ಲಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಬಗ್ಗಿ ನೋಡಿದೆ.

ನನ್ನ ಗೆರೆಗಳು ಕುಡುಕ ನಡೆದ ಹಾಗೆ ಹೋಗಿದ್ದವು. ನಕ್ಷತ್ರಕ್ಕೆ ಒಂದು ಮೂಲೆ ಕಡಿಮೆ, ಪಾರಿವಾಳದ ಕುತ್ತಿಗೆ ಮೇಲೆ ಇನ್ನೊಂದು ಪಾರಿವಾಳ. ತೊಗಟೆಬಟ್ಟೆಯ ಮೇಲೆ ಬಿದ್ದ ಬಣ್ಣವನ್ನು ಅಳಿಸಲಾಗುವುದಿಲ್ಲ. ಅಳಿಸಿರಲೂ ಇಲ್ಲ. ದಾರಿ ತಪ್ಪಿದ ಪ್ರತಿಯೊಂದು ಗೆರೆಯನ್ನೂ ಯಾರೋ ಬಳ್ಳಿ ಮಾಡಿದ್ದರು. ಎರಡು ಪಾರಿವಾಳಗಳನ್ನು ಜೋಡಿ ಮಾಡಿದ್ದರು. ಬಳ್ಳಿಗೆಲ್ಲ ಎಲೆ, ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಎಲೆ. ಒಂದೊಂದು ಬಳ್ಳಿಗೂ ಒಂದೊಂದು ಸಂಜೆ ಹಿಡಿದಿರಬೇಕು. ಎಲೆಗಳ ತುದಿಯನ್ನು ಆದಷ್ಟು ನನ್ನ ಹಾಗೆಯೇ ಚಪ್ಪಟೆಯಾಗಿ ಬರೆಯಲು ನೋಡಿದ್ದರು. ಆದರೂ ಅಲ್ಲೊಂದು ಇಲ್ಲೊಂದು ಕಡೆ ಕೈ ಮರೆತಿದೆ. ಮೇಲಕ್ಕೆ ಒಂದು ಸಣ್ಣ ಕೊಕ್ಕೆ.

ಹಳೆಯ ಬಟ್ಟೆಗಳ ಸುರುಳಿಯನ್ನೂ ಬಿಚ್ಚಿದೆ. ಹೋದ ವರ್ಷದ್ದರಲ್ಲಿ ಕೊಕ್ಕೆ ಇತ್ತು. ಅದರ ಹಿಂದಿನ ವರ್ಷದ್ದರಲ್ಲೂ ಇತ್ತು. ಪಾದ್ರಿಗಳ ಮನೆಗೆ ಕೊಟ್ಟದ್ದು, ನನ್ನನ್ನು ಊರೆಲ್ಲ ಹೊಗಳಿದ್ದು, ಅದರಲ್ಲೂ ಇದ್ದಿರಲೇಬೇಕು.

ಬಟ್ಟೆಯ ಮೇಲೆಯೇ ಕೂತು ಅತ್ತೆ. ಅಳುವುದಕ್ಕೂ ಉಸಿರು ಬೇಕು, ಈಗ ನನ್ನ ಹತ್ತಿರ ಇದೆ. ಬೇಕಾದಷ್ಟು ಹೊತ್ತು ಅತ್ತೆ.

ಅಮ್ಮನ ಚಾಪೆಯನ್ನು ಬಿಸಿಲಿಗೆ ಹಾಕಿದ್ದೇನೆ. ಶುಭಕಾರ್ಯದಲ್ಲಿ ಗೌರವಕ್ಕೆ ಸೊಂಟಕ್ಕೆ ಕಟ್ಟುವುದು ಇಂಥ ನಯವಾದ ಚಾಪೆಯನ್ನೇ. ಮದುವೆಯ ದಿನ ಅದನ್ನು ಯಾರ ಸೊಂಟಕ್ಕೆ ಕಟ್ಟಬೇಕೆಂದು ನನಗೆ ಗೊತ್ತು. ಅಕ್ಕನಾದವಳು ತಮ್ಮನ ಹೆಂಡತಿಗೆ ಕಟ್ಟುವುದು ಎಲ್ಲಾದರೂ ಉಂಟೇ ಎಂದು ಫೀಫೀತಾ ಕೇಳಿಯೇ ಕೇಳುತ್ತಾಳೆ. ಕೇಳಲಿ.

ಆಗಸ್ಟ್ 29, ಗುರುವಾರ

ಮದುವೆಯ ಬಟ್ಟೆಗೆ ಅಂಚು ಮಾತ್ರ ಉಳಿದಿತ್ತು. ಎಲ್ಲರೂ ಕಾಯುತ್ತಿದ್ದರು, ಹೊಸ ಕಣ್ಣಿನಲ್ಲಿ ನಾನು ಗೆರೆ ಎಳೆಯುವುದನ್ನು ನೋಡಲು. ಕುಂಚ ತೆಗೆದುಕೊಂಡು ಆಪಿಕೈಲಿಯ ಕೈಗೆ ಕೊಟ್ಟೆ.

"ಅಂಚು ನೀನು ಬರಿ."

ಅವಳ ಮುಖ ಬಿಳಿಚಿಕೊಂಡಿತು. "ನನಗೆ ಎಲೆ ಬರಲ್ಲ ಅತ್ತಿಗೆ. ಕೊಕ್ಕೆ ಬಂದುಬಿಡುತ್ತೆ."

"ಬರಲಿ. ಕೊಕ್ಕೆ ಇರೋ ಹಾಗೇ ಬರಿ. ಎಲ್ಲದಕ್ಕೂ ಹಾಕು."

ಅವಳು ನನ್ನನ್ನೇ ನೋಡಿದಳು. ನಾನೂ ನೋಡಿದೆ. ಇಷ್ಟು ಹತ್ತಿರದಿಂದ ಅವಳ ಕಣ್ಣನ್ನು ಎಷ್ಟು ವರ್ಷವಾಗಿತ್ತು ನೋಡಿ. ಫೀಫೀತಾ ಕೂಡ ಸುಮ್ಮನಿದ್ದಳು. ಆಗ ತಿಳಿಯಿತು, ಕೊಟ್ಟಿಗೆಯಲ್ಲಿ ಇದು ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

ಸಂಜೆಯವರೆಗೆ ಅವಳು ಬರೆದಳು. ಎಲೆಗಳೆಲ್ಲ ತಲೆಯೆತ್ತಿಕೊಂಡು ನಿಂತವು. ಮುಗಿದ ಮೇಲೆ ಅಭ್ಯಾಸದಂತೆ, "ನೀವು ಹೊರಡಿ ಅತ್ತಿಗೆ, ನಾನು ಕುಂಚ..." ಎಂದು ಎದ್ದಳು.

"ನೀನು ಕೂತ್ಕೊ," ಎಂದೆ.

ಇವತ್ತು ನಾನೇ ತೊಳೆದೆ. ಆರೂ ಕುಂಚ. ಹತ್ತು ನಿಮಿಷವೂ ಹಿಡಿಯಲಿಲ್ಲ.